ಮೈಲುತುತ್ತದ ನೀರಿಗೆ ಬಾಳೆಸಿಪ್ಪೆ

ಅಡಿಕೆಗೆ ಮದ್ದು ಹೊಡೆದು ಮುಗಿದ ಮೇಲೆ ಡ್ರಮ್ಮು ತೊಳೆದ ತಿಳಿನೀಲಿ ನೀರು ಹೋಗುವುದೆಲ್ಲಿಗೆ? ಅಂಗಳ ಇಳಿದು ಹಳ್ಳಕ್ಕೆ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 255 ಗ್ರಾಂ ತಾಮ್ರವಿದೆ. ಹಳ್ಳದ ಮೀನಿಗೆ ಅದರ ಚೂರೂ ನಂಜೇ.

ಮೈಲುತುತ್ತಕ್ಕೆ ಸುಣ್ಣ ಬೆರೆತ ಬೋರ್ಡೋ ಮಿಶ್ರಣದ ಡ್ರಮ್ಮಿಗೆ ತಲೆಬಿಸಿ ಬೇಡ. ಸುಣ್ಣ ಸರಿಯಾಗಿ ಬಿದ್ದಿದ್ದರೆ ತಾಮ್ರ ಬಹುಪಾಲು ಗಸಿಯಾಗಿರುತ್ತದೆ. ತೊಳೆದ ನೀರನ್ನು ಗಸಿಸಮೇತ ಕದಡಿ ಕೊನೆಯ ನಾಲ್ಕು ಮರಕ್ಕೆ ಹೊಡೆದರಾಯಿತು. ಮೈಲುತುತ್ತ ಒಂದನ್ನೇ ಕರಗಿಸಿದ ಡ್ರಮ್ಮಿನದೇ ತಕರಾರು. ಅದರ ಮೊದಲೆರಡು ತೊಳೆತದ ನೀರನ್ನು ಮುಂದಿನ ಮಿಶ್ರಣಕ್ಕೇ ಸೇರಿಸಿ. ಮೂರನೆಯದಕ್ಕೆ ಮಾತ್ರ ಬಾಳೆಸಿಪ್ಪೆಯ ಸೋಸು ಕಟ್ಟಿ.

ಬಾಳೆಹಣ್ಣಿನ ಸಿಪ್ಪೆಯನ್ನು ಉಗುರಗಲ ಹೆಚ್ಚಿ, ಮುರಿದರೆ ಚಟ್ಟನೆ ಸದ್ದಾಗುವಷ್ಟು ಒಣಗಿಸಿ. ಮಳೆಗಾಲದಲ್ಲಿ ಬಿಸಿಲು ಕಾಯುವುದು ವ್ಯರ್ಥ, ಬೇಸಿಗೆಯಲ್ಲೇ ಒಣಗಿಸಿ ಡಬ್ಬಿಯಲ್ಲಿಡಿ. ಬನ್ಸಿ ರವೆಯಂತೆ ತರಿತರಿಯಾಗಿ ಪುಡಿಮಾಡಿ. ನುಣ್ಣಗಾದರೆ ನೀರೇ ಇಳಿಯದು. ಬಿಸಿನೀರಿನಲ್ಲಿ ನೆನೆಸಿ, ಕಂದುಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಿರಿ. ಈ ಹಂತ ಬಿಟ್ಟವರು ಆಮೇಲೆ ಕಾಫಿ ಡಿಕಾಕ್ಷನ್ನಿನಂಥ ನೀರು ನೋಡಿ ಬೈದುಕೊಳ್ಳುತ್ತಾರೆ.

ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ ಸಣ್ಣ ತೂತು ಕೊರೆದು ಬಟ್ಟೆ, ಜಲ್ಲಿ, ಮರಳು, ಅದರ ಮೇಲೆ ಒಂದು ಗೇಣು ಸಿಪ್ಪೆಪುಡಿ ಹಾಕಿ. ಮೇಲೆ ಮತ್ತಷ್ಟು ಮರಳು, ಇಲ್ಲದಿದ್ದರೆ ಪುಡಿ ತೇಲುತ್ತದೆ. ನೀರನ್ನು ಚೆಂಬಿನಿಂದ ನಿಧಾನ ಹೊಯ್ಯಿರಿ. ಹನಿಹನಿಯಾಗಿ ಇಳಿದಷ್ಟೂ ಒಳ್ಳೆಯದು. ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ ಸಿಪ್ಪೆಯಲ್ಲೂ ಇದೆ. ತಾಮ್ರದ ಕಣಗಳು ಅದರ ಆಮ್ಲದ ಗುಂಪುಗಳಿಗೆ ಅಂಟಿಕೊಳ್ಳುತ್ತವೆ. ನೀರು ತೀರಾ ಹುಳಿಯಾಗಿದ್ದರೆ ಆ ಜಾಗಗಳನ್ನು ಹೈಡ್ರೋಜನ್ ಕಣಗಳೇ ಹಿಡಿದುಕೊಳ್ಳುತ್ತವೆ. ಪಿಎಚ್ 5ರ ಆಸುಪಾಸು ಹದ.

ಸೋಸಿದ ನೀರನ್ನು ಗಾಜಿನ ಲೋಟಕ್ಕೆ ಹಿಡಿದು ನಾಲ್ಕು ಹನಿ ಅಮೋನಿಯಾ ಹಾಕಿ. ಕಡುನೀಲಿ ತಿರುಗಿದರೆ ಪುಡಿ ತುಂಬಿಹೋಗಿದೆ, ಬದಲಿಸಬೇಕು. ಬೋರ್ಡೋ ಹದ ನೋಡಲು ಕತ್ತಿ ಅದ್ದುತ್ತೀರಲ್ಲ, ಆ ಪರೀಕ್ಷೆ ಇಷ್ಟು ತೆಳು ನೀರಿಗೆ ಸಾಲದು. ಹಾಗೆಂದು ಬಣ್ಣ ಬರಲಿಲ್ಲವೆಂದು ಕುಡಿಯಲು ಹೊರಡಬೇಡಿ: ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಷ್ಟನ್ನು ಕಣ್ಣು ಹಿಡಿಯಲಾರದು.

ಒಂದು ಕಿಲೋ ಪುಡಿ ಹಿಡಿಯುವುದು ಕೆಲವೇ ಗ್ರಾಂ ತಾಮ್ರ. ಚೆಲ್ಲಿದ ಮೈಲುತುತ್ತಕ್ಕೆ ಇದು ಮದ್ದಲ್ಲ. ಬಳಸಿದ ಪುಡಿಯನ್ನು ಗೊಬ್ಬರಗುಂಡಿಗೆ ಎಸೆಯಬೇಡಿ, ದನದ ಬಾಯಿಗೆ ಸಿಗಬಾರದು. ಸುಟ್ಟರೂ ತಾಮ್ರ ಬೂದಿಯಲ್ಲೇ ಉಳಿಯುತ್ತದೆ. ಒಣಗಿಸಿ ಚೀಲಕ್ಕೆ ತುಂಬಿ, ಬಾವಿ-ಹಳ್ಳದಿಂದ ದೂರ, ಮಳೆನೀರು ತಾಗದ ಕಡೆ ಇಡಿ.