ಗಡಿನಾಡಿನ ನ್ಯಾಯಾಧೀಶ ವಿಲಿಯಂ ಕೂಪರ್

ಅಮೆರಿಕದ ಇತಿಹಾಸವೆಂದೊಡನೆ ವಾಷಿಂಗ್ಟನ್, ಜೆಫರ್ಸನ್ ಮೊದಲಾದವರ ಹೆಸರುಗಳೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಆ ಹೊಸ ರಾಷ್ಟ್ರದ ಗಡಿಯ ಕಾಡುಗಳಲ್ಲಿ ಪ್ರಜಾಪ್ರಭುತ್ವವು ಹೇಗೆ ಬೇರೂರಿತೆಂಬುದನ್ನು ಅರಿಯಲು ವಿಲಿಯಂ ಕೂಪರನಂಥವರ ಚರಿತ್ರೆಯನ್ನು ಓದಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಕೆಳಗಿನಿಂದ ಮೇಲೆ ಬಂದ ಈತನ ಬಾಳು ನನ್ನ ಮನಸ್ಸನ್ನು ಸೆಳೆಯಿತು.

ಕೂಪರನು 1754ರಲ್ಲಿ ಫಿಲಡೆಲ್ಫಿಯಾದ ಬಳಿ ಬಡ ಕ್ವೇಕರ್ ಕುಟುಂಬದಲ್ಲಿ ಜನಿಸಿದನು. ಶಾಲೆಯ ಓದು ಅತ್ಯಲ್ಪ. ಗಾಡಿಯ ಗಾಲಿ ಮಾಡುವುದು ಅವನ ಕಸುಬು. 1786ರಲ್ಲಿ ಪಾಲುಗಾರನೊಬ್ಬನೊಡನೆ ಸೇರಿ, ನ್ಯೂಯಾರ್ಕ್ ರಾಜ್ಯದ ಆಟ್ಸೀಗೊ ಸರೋವರದ ಬಳಿಯ ಕಾಡನ್ನು ಕೊಂಡನು. ಹಿಂದೆ ಅದು ಇರೊಕ್ವಾ ಜನರ ನಾಡಾಗಿತ್ತು. ಅಲ್ಲಿ ಅವನು ಕಟ್ಟಿದ ಊರೇ ಕೂಪರ್ಸ್‌ಟೌನ್. ಅನೇಕ ಜಮೀನುದಾರರು ಭೂಮಿಯನ್ನು ಗೇಣಿಗೆ ಕೊಡುತ್ತಿದ್ದ ಕಾಲದಲ್ಲಿ ಕೂಪರನು ಅದನ್ನು ರೈತರಿಗೆ ಕ್ರಯಕ್ಕೇ ಕೊಟ್ಟು, ಹಣ ತೀರಿಸಲು ವರ್ಷಗಳ ವಾಯಿದೆ ನೀಡಿದನು. 1789ರಲ್ಲಿ ಅವರು ಹಸಿವಿನಿಂದ ಕಂಗೆಟ್ಟಾಗ ಧಾನ್ಯ ತರಿಸಿ ಹಂಚಿದನು.

1791ರಲ್ಲಿ ಆಟ್ಸೀಗೊ ಪ್ರತ್ಯೇಕ ಕೌಂಟಿಯಾದಾಗ ಅವನೇ ಅದರ ಮೊದಲ ನ್ಯಾಯಾಧೀಶನಾದನು. ಮುಂದೆ ಫೆಡರಲಿಸ್ಟ್ ಪಕ್ಷದಿಂದ ಎರಡು ಅವಧಿಗೆ ಕಾಂಗ್ರೆಸ್ಸಿನ ಸದಸ್ಯನೂ ಆದನು.

ನಾವು ವಿಚಾರ ಮಾಡಬೇಕಾದುದು ಇಲ್ಲಿಯೇ. ಸಾಲ ಕೊಟ್ಟವನು, ತೀರ್ಪು ಹೇಳುವವನು, ಮತ ಕೇಳುವವನು, ಮೂವರೂ ಒಬ್ಬನೇ ಆದರೆ ಬಡ ರೈತನು ಅವನೆದುರು ಬಾಯಿ ಬಿಡುವುದು ಹೇಗೆ? 1792ರ ರಾಜ್ಯಪಾಲರ ಚುನಾವಣೆಯಲ್ಲಿ ಜಾನ್ ಜೇಯ ಪರವಾಗಿ ಕೂಪರನು ಮತದಾರರನ್ನು ಬೆದರಿಸಿದನೆಂಬ ಆರೋಪ ಬಂದಿತು. ಮತಪೆಟ್ಟಿಗೆ ಕಳುಹಿಸಿದ ಷೆರೀಫನ ಅಧಿಕಾರಾವಧಿ ಮುಗಿದಿತ್ತೆಂಬ ಕಾರಣದಿಂದ ಆಟ್ಸೀಗೊದ ಮತಗಳೆಲ್ಲ ತಿರಸ್ಕೃತವಾದುವು. ಎದುರಾಳಿ ಜಾರ್ಜ್ ಕ್ಲಿಂಟನ್ ಕೇವಲ 108 ಮತಗಳಿಂದ ಗೆದ್ದನು.

1798ರಲ್ಲಿ ಸರ್ಕಾರದ ಟೀಕೆಯನ್ನು ಅಪರಾಧವೆನ್ನುವ ರಾಜದ್ರೋಹದ ಕಾಯಿದೆ ಬಂದಿತು. ಅದರ ವಿರುದ್ಧ ಮನವಿಪತ್ರಕ್ಕೆ ಸಹಿ ಕೂಡಿಸಿದ ಜೆಡಿಡಾಯ ಪೆಕ್‌ನನ್ನು, ಒಮ್ಮೆ ತನ್ನ ಸಂಗಡಿಗನೇ ಆಗಿದ್ದವನನ್ನು, ಕೂಪರನು 1799ರಲ್ಲಿ ಬಂಧಿಸುವಂತೆ ಮಾಡಿದನು. ಮೊಕದ್ದಮೆ ವಿಚಾರಣೆಗೆ ಬರಲೇ ಇಲ್ಲ. ಜನರ ಒಲವು ಮಾತ್ರ ಪೆಕ್‌ನ ಕಡೆಗೆ ತಿರುಗಿತು. ನ್ಯೂಯಾರ್ಕಿನ ಸಾರ್ವಜನಿಕ ಶಾಲೆಗಳಿಗೆ ತಳಹದಿಯಾದ 1812ರ ಕಾನೂನಿಗಾಗಿ ದುಡಿದವರಲ್ಲಿ ಈ ಪೆಕ್ ಪ್ರಮುಖನು.

ಕೂಪರನು 1809ರಲ್ಲಿ ತೀರಿಕೊಂಡನು. ಅವನ ಮಗ, ಪ್ರಸಿದ್ಧ ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್, 1823ರ ‘ದಿ ಪಯನಿಯರ್ಸ್’ ಕಾದಂಬರಿಯ ನ್ಯಾಯಾಧೀಶನ ಪಾತ್ರದಲ್ಲಿ ತಂದೆಯ ಛಾಯೆಯನ್ನು ಉಳಿಸಿದ್ದಾನೆ.

ಬಡತನದಿಂದ ಮೇಲೇರಿದುದು ಕೂಪರನ ಹಿರಿಮೆ. ಆದರೆ ತಾನು ಏರಿದ ಏಣಿಯ ಬುಡದಲ್ಲಿದ್ದವರು ಸಹ ಪ್ರಶ್ನಿಸಬಲ್ಲರೆಂಬುದನ್ನು ಅವನು ಸಹಿಸಲಿಲ್ಲ. ವಿದ್ಯೆಯಿಂದ ಮೇಲೇರಲು ಹೊರಟಿರುವ ನಮ್ಮಂಥವರು ಅವನ ಸಾಹಸದೊಡನೆ ಈ ಕುಂದನ್ನೂ ನೆನಪಿಡುವುದು ಒಳಿತು.