ಸುಣ್ಣ ಸುರಿಯುವ ಮುನ್ನ ಪಿಎಚ್ ಪೆನ್ ಹೊಂದಿಸಿಕೊಳ್ಳಿ

ಉಬ್ರಾಣಿ ಕಡೆ ಅಡಿಕೆ ತೋಟ ಮಾಡುವವರು ಪಿಎಚ್ ಪೆನ್ ಕೊಂಡಿದ್ದರೆ, ದಯವಿಟ್ಟು ಅದು ತೋರಿಸಿದ ಮೊದಲ ಅಂಕಿಯನ್ನೇ ನಂಬಿ ಸುಣ್ಣ ಸುರಿಯಬೇಡಿ. ಪಿಎಚ್‌ನಲ್ಲಿ 0.3ರಷ್ಟು ತಪ್ಪೆಂದರೆ ಆಮ್ಲೀಯತೆಯ ಲೆಕ್ಕ ದುಪ್ಪಟ್ಟು, ಇಲ್ಲವೇ ಅರ್ಧ ಆದಂತೆ.

ಮೊದಲು 7ರ ಬಫರ್ ದ್ರಾವಣದಲ್ಲಿ ಹೊಂದಿಸಿ, ಆಮೇಲೆ 4ರಲ್ಲಿ. ಮಣ್ಣು ಕ್ಷಾರದ ಕಡೆ ವಾಲಿದ್ದರೆ ಎರಡನೆಯದು 10ರದ್ದಿರಲಿ. ಈ ಕ್ಷಾರ ಬಫರ್ ಬಲು ಸೂಕ್ಷ್ಮ: ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅಂಕಿ ಇಳಿಯುತ್ತದೆ. ಬಳಸಿದ್ದನ್ನು ಬಾಟಲಿಗೆ ವಾಪಸ್ ಸುರಿಯಲೇಬೇಡಿ. ಉಷ್ಣಾಂಶವೂ ಲೆಕ್ಕಕ್ಕಿದೆ, 25 ಡಿಗ್ರಿಯಲ್ಲಿ 10.01 ಇರುವ ಬಫರ್ 20 ಡಿಗ್ರಿಯಲ್ಲಿ 10.06 ಆಗುತ್ತದೆ.

ತುದಿಯ ಗಾಜಿನ ಗುಂಡನ್ನು ಬಟ್ಟೆಯಿಂದ ತಿಕ್ಕಬೇಡಿ. ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಟಿಶ್ಯೂ ಮುಟ್ಟಿಸಿ ತೇವ ಹೀರಿಸಿದರೆ ಸಾಕು. ಆದರೆ ಅದೇ ನೀರಲ್ಲಿ ಅದ್ದಿಡುವುದು ಪ್ರೋಬ್‌ಗೆ ಕೇಡು. ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ನಾಲ್ಕು ಹನಿ ಇರಲಿ.

ಇಷ್ಟಾದ ಮೇಲೆ, ನೆರಳಲ್ಲಿ ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ಡಿಸ್ಟಿಲ್ಡ್ ನೀರು ಹಾಕಿ. ಅರ್ಧ ಗಂಟೆ ಆಗಾಗ ಕಲಕಿ, ಪೆನ್ ಅದ್ದಿ, ಅಂಕಿ ಅಲುಗಾಡದೆ ನಿಂತ ಮೇಲಷ್ಟೇ ಬರೆದುಕೊಳ್ಳಿ.