ಉತ್ತರದ ಗಾಜು

ಮೊದಲ ಪೆಟ್ಟಿಗೆಯ ಹಲಗೆ ಕಿತ್ತಾಗ ಬೆಳಿಗ್ಗೆ ಹತ್ತೂವರೆ. ರಾಜಾಜಿನಗರದ ಐದು ಮಹಡಿಯ ವಾಣಿಜ್ಯ ಕಟ್ಟಡದ ಮುಂದೆ ಲಾರಿ ಬಂದು ನಿಂತು ಒಂದು ಗಂಟೆಯಾಗಿತ್ತು. ಸಕ್ಷನ್ ಕಪ್ ಹಿಡಿದ ಆರು ಹುಡುಗರು ಆಳೆತ್ತರದ ಎರಡರಷ್ಟಿದ್ದ ಗಾಜನ್ನು ಉಸಿರು ಬಿಗಿಹಿಡಿದು ಎತ್ತಿ ಸ್ಟ್ಯಾಂಡಿಗೆ ಒರಗಿಸಿದರು. ಪರಿಶೀಲನೆಗೆ ಬಂದಿದ್ದ ಯುವ ಇಂಜಿನಿಯರ್ ಬಗ್ಗಿ ಮೂಲೆಯ ಸ್ಟಿಕರ್ ಓದಿದ. ಎದ್ದು ನಿಂತು ಮೊಬೈಲಿನಲ್ಲಿ ಏನನ್ನೋ ಹುಡುಕಿದ. ಮತ್ತೆ ಬಗ್ಗಿದ.

"ಮೇಡಂ, ಇದು ಯಾವ ಕಡೆಗೆ?"

"ಉತ್ತರಕ್ಕೆ."

"ಹಾಗಾದ್ರೆ ಆಗಲ್ಲ ಮೇಡಂ. ಇದರಲ್ಲಿ 0.38 ಇದೆ. ಇಲ್ಲಿ 0.27 ದಾಟೋ ಹಾಗಿಲ್ಲ."

ಆ ಮೇಡಂ ಈ ಲೇಖನ ಬರೆಯುತ್ತಿರುವಾಕೆಯೇ. ಅಂದಿನ ತಪ್ಪನ್ನು ಎದುರಿಗಿಟ್ಟುಕೊಂಡು ನೋಡಬೇಕಾಗಿರುವುದರಿಂದ ಆಕೆಯನ್ನು ಇಲ್ಲಿ ವಾಸ್ತುಶಿಲ್ಪಿ ಎಂದೇ ಕರೆದಿದೆ. ಇಪ್ಪತ್ತೆರಡು ವರ್ಷ ನಕ್ಷೆ ಬರೆದ ವಾಸ್ತುಶಿಲ್ಪಿ, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರದ ಹುಡುಗನ ಮಾತನ್ನು ಒಪ್ಪಲಿಲ್ಲ. ಇದೇ ಗಾಜು, ಇದೇ ತಯಾರಕರು, ಇದೇ ಮಾಲೀಕರ ಹುಬ್ಬಳ್ಳಿಯ ಕಟ್ಟಡಕ್ಕೆ ಎರಡು ವರ್ಷದ ಹಿಂದೆ ಹಾಕಿದ್ದು. ಅಲ್ಲಿ ಒಂದು ಪ್ರಶ್ನೆಯೂ ಏಳದೆ ಪಾಸಾಗಿದೆ. ಗೋಕುಲ ರಸ್ತೆಯ ಆ ಕಟ್ಟಡದ ಕಡತವನ್ನು ಕಚೇರಿಯಿಂದ ತರಿಸಿ, ಲಾರಿಯ ಬಾನೆಟ್ ಮೇಲೆ ಹರವಿ, ಆಕೆ ನಲವತ್ತು ನಿಮಿಷ ವಾದ ಮಾಡಿದಳು.

ಹುಡುಗ ದನಿ ಏರಿಸಲಿಲ್ಲ. ನಿಯಮದ ಕೋಷ್ಟಕದ ಎರಡು ಸಾಲುಗಳ ಮೇಲೆ ಬೆರಳಿಟ್ಟ. ಉತ್ತರ ದಿಕ್ಕು, ಅಕ್ಷಾಂಶ 15 ಡಿಗ್ರಿ ಮತ್ತು ಅದಕ್ಕಿಂತ ಮೇಲೆ: 0.50. ಉತ್ತರ ದಿಕ್ಕು, 15 ಡಿಗ್ರಿಗಿಂತ ಕೆಳಗೆ: 0.27. ಹುಬ್ಬಳ್ಳಿ ಇರುವುದು 15.36ರಲ್ಲಿ. ಬೆಂಗಳೂರು 12.97.

ಒಂದೇ ರಾಜ್ಯ, ಒಂದೇ ಗಾಜು. ನಡುವೆ ಒಂದು ಗೆರೆ ಹಾದುಹೋಗಿದೆ. ಆ ಗೆರೆಯನ್ನು ಆಕೆ ಹತ್ತಾರು ಸಲ ಓದಿದ್ದಳು, ಒಮ್ಮೆಯೂ ನೋಡಿರಲಿಲ್ಲ.

ಈ ದಶಾಂಶಗಳು ಹೇಳುವುದು ಇಷ್ಟು. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದೇ ಎಸ್‌ಎಚ್‌ಜಿಸಿ. 0.38 ಎಂದರೆ ನೂರರಲ್ಲಿ ಮೂವತ್ತೆಂಟು ಪಾಲು ಕೋಣೆಗೆ ಬಂತು, ಅದನ್ನು ಹೊರಹಾಕಲು ಏಸಿ ದುಡಿಯಬೇಕಾಯಿತು. ಈ ಪಾಲಿಗೆ ಮಿತಿ ಹಾಕಿದ, 2001ರ ಇಂಧನ ಸಂರಕ್ಷಣಾ ಕಾಯ್ದೆಯ ಬೆನ್ನಿಗೆ 2007ರಲ್ಲಿ ಬಂದ ಕಟ್ಟಡ ಸಂಹಿತೆ, ನಮ್ಮವರ ಬಾಯಲ್ಲಿ ಇಸಿಬಿಸಿ, 2017ರಲ್ಲಿ ಪರಿಷ್ಕೃತವಾಯಿತು. ಸಂಪರ್ಕಿತ ಲೋಡ್ 100 ಕಿಲೋವ್ಯಾಟ್ ಅಥವಾ ಒಪ್ಪಂದದ ಬೇಡಿಕೆ 120 ಕೆವಿಎ ಮುಟ್ಟಿದ ವಾಣಿಜ್ಯ ಕಟ್ಟಡಗಳು ಅದರ ಲೆಕ್ಕಕ್ಕೆ ಬರುತ್ತವೆ. ಮಾಲೀಕರ ಲೆಕ್ಕಪತ್ರ ನೋಡುವವರು ಆರಂಭದಲ್ಲೇ ಒಂದು ಉಪಾಯ ಹೇಳಿದ್ದರು: ಅರ್ಜಿಯಲ್ಲಿ 118 ಕೆವಿಎ ಎಂದು ಬರೆಯಿರಿ, ತಂಟೆಯೇ ಇಲ್ಲ. ನಿಯಮದಲ್ಲಿರುವುದು 'ಅಥವಾ'. ಬೇಡಿಕೆ ಇಳಿಸಿದರೂ ಲಿಫ್ಟು, ಏಸಿ, ಪಂಪು, ದೀಪಗಳ ಲೋಡ್ ಕೂಡಿದರೆ ನೂರು ದಾಟಿಯೇ ದಾಟುತ್ತಿತ್ತು. ಆ ಉಪಾಯವನ್ನು ವಾಸ್ತುಶಿಲ್ಪಿ ಅಂದೇ ತಳ್ಳಿಹಾಕಿದ್ದಳು. ಆ ಒಂದು ವಿಷಯದಲ್ಲಿ ಆಕೆಗೆ ಈಗಲೂ ಹೆಮ್ಮೆಯಿದೆ.

ಲಾರಿಯ ಪಕ್ಕದಲ್ಲಿ ನಿಂತೇ ಹುಬ್ಬಳ್ಳಿಗೆ ಫೋನ್ ಮಾಡಬೇಕಾಯಿತು. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮಾಲೀಕರ ದನಿ: "ಅಲ್ರೀ ಮೇಡಂ, ಅದ ಗಾಜು ಹುಬ್ಬಳ್ಳ್ಯಾಗ ಪಾಸ್ ಆತು, ಬೆಂಗಳೂರಾಗ ಯಾಕ ಫೇಲ್ ಆತು? ಗಾಜು ಬ್ಯಾರೆ ಐತೋ, ಸೂರ್ಯ ಬ್ಯಾರೆ ಅದಾನೋ?"

ಸೂರ್ಯ ಬೇರೆಯೇ ಇದ್ದಾನೆ ಎನ್ನುವುದೇ ಸರಿಯಾದ ಉತ್ತರ. ಆ ಹೊತ್ತಿಗೆ ಅದು ಬಾಯಿಗೆ ಬರಲಿಲ್ಲ.

"ಕೊಯ್ಸಿ ಬ್ಯಾರೆ ಕಡೆ ಹಾಕಾಕ ಬರಂಗಿಲ್ಲೇನ್ರೀ?" ಎಂದರು ಅವರು. ಬರುವುದಿಲ್ಲ. ಇವು ಟಫನ್ ಮಾಡಿದ ಗಾಜುಗಳು. ಒಮ್ಮೆ ಕುಲುಮೆಯಲ್ಲಿ ಕಾಯಿಸಿ ಗಾಳಿಯಿಂದ ಥಟ್ಟನೆ ತಣಿಸಿದ ಮೇಲೆ ಅಂಥ ಗಾಜನ್ನು ಕೊಯ್ಯಲಾಗದು, ತೂತು ಕೊರೆಯಲಾಗದು. ಚಕ್ರ ತಾಗಿದರೆ ಇಡೀ ಹಲಗೆ ಕಡಲೆಯಷ್ಟು ಗಾತ್ರದ ಚೂರುಗಳಾಗಿ ಉದುರುತ್ತದೆ. ಅದರ ಮೇಲೆ ಎರಡು ಪದರ ಜೋಡಿಸಿ ಅಂಚು ಮುಚ್ಚಿದ ಡಬಲ್ ಗ್ಲೇಜಿಂಗ್. ಅಳತೆಗೆ ಹುಟ್ಟಿದ ಗಾಜು ಆ ಅಳತೆಯಲ್ಲೇ ಇರಬೇಕು. ಗಾಜು ಕೂರಿಸುವ ಗುತ್ತಿಗೆದಾರ ಮೆಲ್ಲಗೆ ಹತ್ತಿರ ಬಂದು, "ಸನ್ ಫಿಲ್ಮ್ ಅಂಟಿಸಿಬಿಡೋಣ ಮೇಡಂ, ಯಾರಿಗೆ ಗೊತ್ತಾಗುತ್ತೆ" ಎಂದ. ಕಪ್ಪು ಹಾಳೆ ಅಂಟಿಸಿದರೆ ಬೆಳಕೂ ಸಾಯುತ್ತದೆ; ಗಾಜಿನಿಂದ ಕನಿಷ್ಠ ಶೇಕಡಾ 27ರಷ್ಟು ಬೆಳಕು ಒಳಗೆ ಬರಲೇಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಬಿಸಿ ತಡೆಯಬೇಕು, ಬೆಳಕು ಬಿಡಬೇಕು. ಗಾಜಿನ ಇಡೀ ಕಷ್ಟ ಇದೇ.

ಮಧ್ಯಾಹ್ನದ ಹೊತ್ತಿಗೆ ಆರು ಹುಡುಗರೂ ಗಾಜನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿ ಹಲಗೆ ಹೊಡೆದರು. ಆ ಮೊಳೆಯ ಸದ್ದು ಕೇಳಲಾಗದೆ ವಾಸ್ತುಶಿಲ್ಪಿ ಮೂರನೇ ಮಹಡಿಗೆ ಹತ್ತಿದಳು. ಮೇ ತಿಂಗಳು. ಉತ್ತರ ಗೋಡೆಯ ಖಾಲಿ ಕಿಟಕಿಯ ಕಟ್ಟೆಯ ಮೇಲೆ ಗಾರೆ ಕೆಲಸದ ಹೆಣ್ಣುಮಗಳೊಬ್ಬಳು ಹಸಿರು ಸೀರೆಯೊಂದನ್ನು ಒಣಗಲು ಹಾಸಿ, ಗಾಳಿಗೆ ಹಾರದಂತೆ ಎರಡು ತುಂಡು ಇಟ್ಟಿಗೆ ಇಟ್ಟಿದ್ದಳು. ಸೀರೆಯ ಮೇಲೆ ಬಿಸಿಲಿತ್ತು.

ಉತ್ತರದ ಗೋಡೆಯ ಮೇಲೆ ಬಿಸಿಲು!

ಆ ಕಿಟಕಿಗಳಲ್ಲಿ ಬಟ್ಟೆ ಒಣಗುವುದನ್ನು ಆಕೆ ಮೂರು ವಾರದಿಂದ ನೋಡುತ್ತಿದ್ದಳು. ಸೈಟಿನಲ್ಲಿ ಶಿಸ್ತಿಲ್ಲ ಎಂದು ಮೇಸ್ತ್ರಿಯನ್ನು ಒಮ್ಮೆ ಗದರಿಸಿಯೂ ಇದ್ದಳು. ಯಾವ ಕಿಟಕಿಯಲ್ಲಿ ಬಟ್ಟೆ ಬೇಗ ಒಣಗುತ್ತದೆಂದು ಆ ಹೆಣ್ಣುಮಗಳಿಗೆ ಗೊತ್ತಿತ್ತು. ನಕ್ಷೆ ಬರೆದವಳಿಗೆ ಗೊತ್ತಿರಲಿಲ್ಲ.

ಉತ್ತರದ ಬೆಳಕು ತಂಪು, ಅಲ್ಲಿ ಬಿಸಿಲು ಬೀಳದು ಎಂಬುದು ವಾಸ್ತುಶಿಲ್ಪ ಕಾಲೇಜಿನಲ್ಲಿ ಮೊದಲ ವರ್ಷವೇ ತಲೆಗೆ ಹೋಗುವ ಪಾಠ. ದೆಹಲಿಯಲ್ಲಿ ಅದು ಬಹುಮಟ್ಟಿಗೆ ಸರಿ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷದ ಯಾವ ದಿನವೂ ನೆತ್ತಿಯಿಂದ ಉತ್ತರಕ್ಕೆ ದಾಟುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ನೋಡುವುದು ಅಂದೇ. ಅಲ್ಲಿಂದ ಅವನು ಉತ್ತರಕ್ಕೆ ಸರಿದು, ಆಗಸ್ಟ್ 18ರ ಸುಮಾರಿಗೆ ಮರಳಿ ನೆತ್ತಿಗೆ ಬರುತ್ತಾನೆ. ಹೆಚ್ಚುಕಡಿಮೆ ನಾಲ್ಕು ತಿಂಗಳು ಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದ ಗೋಡೆಗೇ. ಇನ್ನು ಬೆಳಿಗ್ಗೆ ಸಂಜೆಯ ಮಾತು: ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿಯೇ. ಶೂನ್ಯ ನೆರಳಿನ ದಿನ ಮಗಳ ಶಾಲೆಗೆ ಹೋಗಿ ಕೋಲಿನ ಫೋಟೊ ತೆಗೆದಿದ್ದ ವಾಸ್ತುಶಿಲ್ಪಿ ಆ ಕೋಲನ್ನೂ ತನ್ನ ಗೋಡೆಯನ್ನೂ ಕೂಡಿಸಿ ಯೋಚಿಸಲಿಲ್ಲ.

ಹುಬ್ಬಳ್ಳಿಯಲ್ಲೂ ಸೂರ್ಯ ಉತ್ತರಕ್ಕೆ ದಾಟುತ್ತಾನೆ, ನಿಜ. ದಿನಗಳು ಒಂದಿಷ್ಟು ಕಡಿಮೆ, ಅಷ್ಟೇ. ನಿಯಮಕ್ಕೆ ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು, ಎಳೆದಿದೆ. ಹಾಗೆ ನೋಡಿದರೆ ಹುಬ್ಬಳ್ಳಿಯ ಉತ್ತರ ಕಿಟಕಿಗೂ ಒಂದು ಸಜ್ಜ ಹಾಕಿದ್ದರೆ ಚೆನ್ನಾಗಿತ್ತು.

ತಪ್ಪು ಒಬ್ಬರದಲ್ಲ. ಈ ಕಟ್ಟಡದ ಕಡತ ಕಚೇರಿಯೊಂದರಿಂದ ಮೂರು ಬಾರಿ ವಾಪಸ್ ಬಂದಿತ್ತು. ಒಮ್ಮೆ ಪ್ರತಿ ಹಾಳೆಗೂ ಸಹಿ ಇಲ್ಲವೆಂದು, ಇನ್ನೊಮ್ಮೆ ಪರಿವಿಡಿ ಇಲ್ಲವೆಂದು, ಮತ್ತೊಮ್ಮೆ ಹಾಳೆಗಳ ಕ್ರಮ ಸರಿಯಿಲ್ಲವೆಂದು. ಏಳನೇ ಹಾಳೆಯಲ್ಲಿ 'ಉತ್ತರ: 0.38' ಎಂದು ಸ್ಪಷ್ಟವಾಗಿ ಬರೆದಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಸಹಿ ಹುಡುಕಿದ ಕಣ್ಣು ಆ ಅಂಕಿಯನ್ನು ಓದಿದ್ದರೆ ಮಾಲೀಕರ ಹಣ ಉಳಿಯುತ್ತಿತ್ತು. ಈ ಸಿಟ್ಟು ಇನ್ನೂ ಆರಿಲ್ಲ. ಮಾಲೀಕರ ಸೋದರಮಾವನವರ ಪಾಲೂ ಇದೆ. ಉತ್ತರ ಕುಬೇರನ ದಿಕ್ಕು, ಅದನ್ನು ಮುಚ್ಚಬಾರದು ಎಂದು ಹಟ ಹಿಡಿದು ನೆಲಮಹಡಿಯ ಉತ್ತರ ಗೋಡೆಯನ್ನು ಪೂರ್ತಿ ಗಾಜು ಮಾಡಿಸಿದವರು ಅವರು. ಅಂಗಡಿ ಮುಂಗಟ್ಟಿಗೆ ಚೆನ್ನಾಗಿ ಕಾಣುತ್ತದೆಂದು ವಾಸ್ತುಶಿಲ್ಪಿಯೂ ಖುಷಿಯಿಂದಲೇ ಒಪ್ಪಿದ್ದಳು.

ಎಲ್ಲಕ್ಕಿಂತ ದೊಡ್ಡ ಪಾಲು ಆಕೆಯದೇ. ಹುಬ್ಬಳ್ಳಿಯ ಕಡತದ ಗಾಜಿನ ಹಾಳೆಯನ್ನು ಊರಿನ ಹೆಸರು ಮಾತ್ರ ಬದಲಿಸಿ ಬೆಂಗಳೂರಿನ ಕಡತಕ್ಕೆ ಸೇರಿಸಿದ್ದು ಆಕೆಯ ಕೈ.

ದಾರಿಗಳಿದ್ದವು. ಸಂಹಿತೆಯ ಪ್ರಕಾರ ಪ್ರತಿ ಭಾಗವೂ ತನ್ನ ಮಿತಿಯೊಳಗೆ ಇರಬಹುದು. ಇಲ್ಲವೇ ಗೋಡೆ, ಛಾವಣಿ, ಕಿಟಕಿಗಳನ್ನು ಒಟ್ಟಿಗೆ ತೂಗಿ ಒಂದರ ಕೊರತೆಯನ್ನು ಇನ್ನೊಂದರ ಉಳಿಕೆಯಿಂದ ತುಂಬಬಹುದು. ಅದೂ ಬೇಡವೆಂದರೆ ಇಡೀ ಕಟ್ಟಡದ ವರ್ಷದ ವಿದ್ಯುತ್ ಬಳಕೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಬಹುದು. ಎರಡನೆಯದನ್ನು ಮೊದಲು ಹಿಡಿದರು. ಉಳಿಕೆಯೇ ಇರಲಿಲ್ಲ. ಛಾವಣಿಯ ಶಾಖನಿರೋಧಕ ಪದರವನ್ನು ಖರ್ಚು ಉಳಿಸಲು ಮಿತಿಯ ಅಂಚಿಗೆ ತಂದು ನಿಲ್ಲಿಸಿದ್ದರು. ಇನ್ನೊಂದಿಷ್ಟು ದಪ್ಪ ಹಾಕಿ ಎಂದು ಸಲಹೆಗಾರ ಹೇಳಿದ್ದನ್ನು ಅನಗತ್ಯವೆಂದು ಹೊಡೆದುಹಾಕಿದ್ದವಳು ವಾಸ್ತುಶಿಲ್ಪಿಯೇ.

ಕೊನೆಗೆ ಕೈ ಹಿಡಿದದ್ದು ಸಜ್ಜ. ಕಿಟಕಿಗೆ ಶಾಶ್ವತವಾದ ನೆರಳಿದ್ದರೆ ಗಾಜಿನ ಮಿತಿಯನ್ನು ಸಡಿಲಿಸಲು ಸಂಹಿತೆಯಲ್ಲಿ ಅವಕಾಶವಿದೆ. ಸಜ್ಜ ಎಷ್ಟು ಹೊರಚಾಚಿದೆ ಎಂಬುದನ್ನು, ಕಿಟಕಿಯ ತಳದಿಂದ ಸಜ್ಜದ ಕೆಳಭಾಗದವರೆಗಿನ ಎತ್ತರದಿಂದ ಭಾಗಿಸಬೇಕು. ಬಂದ ಭಾಗಲಬ್ಧ 0.25ಕ್ಕಿಂತ ಕಡಿಮೆಯಿದ್ದರೆ ಆ ಸಜ್ಜ ಲೆಕ್ಕಕ್ಕಿಲ್ಲ. ಮೇಲಿನ ನಾಲ್ಕು ಮಹಡಿಗಳ ಕಿಟಕಿಗಳ ಎತ್ತರ 1.2 ಮೀಟರ್. 60 ಸೆಂಟಿಮೀಟರ್ ಸಜ್ಜ ಕೊಟ್ಟಾಗ 0.5 ಬಂತು. ಓರೆಯಾಗಿ ಬರುವ ಬೆಳಗಿನ, ಸಂಜೆಯ ಬಿಸಿಲಿಗೆ ಎರಡೂ ಪಕ್ಕದಲ್ಲಿ ಅಷ್ಟೇ ಅಗಲದ ಲಂಬ ಪಟ್ಟಿಗಳು. ಲೆಕ್ಕ ಹೊಂದಿತು, ಗಾಜು ಉಳಿಯಿತು. ನೆಲಮಹಡಿಯ ಗಾಜಿನ ಎತ್ತರ 3.6 ಮೀಟರ್. ಅದೇ 60 ಸೆಂಟಿಮೀಟರ್ ಸಜ್ಜ ಅಲ್ಲಿ 0.17 ಮಾತ್ರ. ಅಲ್ಲಿ ಗಾಜನ್ನೇ ಬದಲಿಸಬೇಕಾಯಿತು.

ಹೊಸ ಗಾಜು ಬರಲು ಏಳು ವಾರ ಹಿಡಿಯಿತು. ಅಷ್ಟೂ ದಿನ ನೆಲಮಹಡಿಯ ಬಾಡಿಗೆದಾರರು ಬಂದು ನೀಲಿ ತಾರ್ಪಾಲು ನೋಡಿಕೊಂಡು ಹೋದರು. ಹಳೆಯ ಗಾಜುಗಳನ್ನು ಒಳಗಿನ ಕ್ಯಾಬಿನ್‌ಗಳ ನಡುವೆ ಅಡ್ಡಗೋಡೆಯಾಗಿ ನಿಲ್ಲಿಸಿದರು, ಅಲ್ಲಿಗೆ ಬಿಸಿಲು ಬರುವುದಿಲ್ಲ. ಕೆಲವು ಇನ್ನೂ ಗೋದಾಮಿನಲ್ಲಿವೆ.

ಆ ಏಳು ವಾರಗಳಲ್ಲಿ ಒಂದು ದಿನ ವಾಸ್ತುಶಿಲ್ಪಿ ದೊಮ್ಮಲೂರಿಗೆ ಹೋಗಿ ಇಂಧನ ಸಂಶೋಧನೆಯ ಟೆರಿ ಸಂಸ್ಥೆಯ ಕಟ್ಟಡವನ್ನು ಮತ್ತೊಮ್ಮೆ ನೋಡಿಬಂದಳು. ಸಂಜಯ್ ಮೋಹೆ ವಿನ್ಯಾಸದ ಆ ಕಟ್ಟಡ ಇಸಿಬಿಸಿಗಿಂತ ಹಳೆಯದು. ನಿವೇಶನದ ದಕ್ಷಿಣಕ್ಕೆ ನಾರುವ ಚರಂಡಿಯಿತ್ತು. ಆ ಕಡೆಗೆ ಕಪ್ಪು ಕಡಪ ಕಲ್ಲಿನ ಗೋಡೆ ಎಬ್ಬಿಸಿ, ಬಿಸಿಲಿಗೆ ಅದು ಕಾದಾಗ ಹಿಂದಿನ ಸಂದಿಯಲ್ಲಿ ಗಾಳಿ ಮೇಲೇರಿ, ಒಳಗಿನ ಗಾಳಿಯನ್ನು ಸೆಳೆದುಕೊಳ್ಳುವಂತೆ ಮಾಡಿದ್ದಾರೆ. ಕಟ್ಟಡ ತೆರೆದುಕೊಂಡಿರುವುದು ಉತ್ತರಕ್ಕೆ. ಅಂದರೆ ಉತ್ತರಕ್ಕೆ ತೆರೆದುಕೊಳ್ಳುವುದು ತಪ್ಪಲ್ಲ. ಆದರೆ ಅಲ್ಲಿ ನಿವೇಶನಕ್ಕೆ ಹೋಗಿ ನಿಂತು, ಗಾಳಿ ಯಾವ ಕಡೆಯದು, ಬಿಸಿಲು ಯಾವ ಕಡೆಯದು ಎಂದು ನೋಡಿದ ಮೇಲೆ ಗೆರೆ ಎಳೆದಿದ್ದಾರೆ.

ಈಗ ಇಂಥ ಗಾಜಿನ ಕೆಲಸಕ್ಕೆ ಕೈ ಹಾಕುವವರಿಗೆ ಒಂದೆರಡು ಮಾತು. ಗಾಜಿನ ಕೈಪಿಡಿಯಲ್ಲಿರುವುದು ಸಾಮಾನ್ಯವಾಗಿ ಗಾಜಿನ ನಟ್ಟನಡುವಿನ ಅಂಕಿ. ಸಂಹಿತೆ ಕೇಳುವುದು ಚೌಕಟ್ಟೂ ಸೇರಿದ ಇಡೀ ಕಿಟಕಿಯದು, ಅದರ ಪ್ರಮಾಣಪತ್ರವನ್ನೇ ಕೇಳಿ ಪಡೆಯಿರಿ. ಪೂರ್ತಿ ಆರ್ಡರ್ ಕೊಡುವ ಮೊದಲು ಒಂದು ಮಾದರಿ ಗಾಜು ತರಿಸಿ, ಪರಿಶೀಲಿಸುವವರ ಮುಂದೆಯೇ ಸ್ಟಿಕರ್ ಓದಿಸಿ. ಛಾವಣಿಯ ಪದರದಲ್ಲಿ ಜಿಪುಣತನ ಬೇಡ. ಕಾಯ್ದೆಯ 2022ರ ತಿದ್ದುಪಡಿಯ ನಂತರ ಸಂಹಿತೆಯ ಹೆಸರೂ ವ್ಯಾಪ್ತಿಯೂ ಬದಲಾಗಿವೆ, ಲೋಡ್ ಮಿತಿಯನ್ನು ಇನ್ನೂ ಇಳಿಸಲು ರಾಜ್ಯಗಳಿಗೆ ಅಧಿಕಾರವಿದೆ. ನಿಮ್ಮ ಕಡತಕ್ಕೆ ಯಾವ ವರ್ಷದ ನಿಯಮ ಅನ್ವಯ ಎಂಬುದನ್ನು ಮೊದಲ ದಿನವೇ ಬರೆಸಿಕೊಳ್ಳಿ. ಅಂದು ತಡೆದ ಆ ಹುಡುಗನಲ್ಲಿ ವಾಸ್ತುಶಿಲ್ಪಿ ಆಮೇಲೆ ಕ್ಷಮೆ ಕೇಳಿದಳು. ಗಾಜು ಗೋಡೆಗೇರಿದ ಮೇಲೆ ಸಿಕ್ಕಿಬಿದ್ದಿದ್ದರೆ ಏಳು ವಾರದಲ್ಲಿ ಮುಗಿಯುತ್ತಿರಲಿಲ್ಲ.

ಈಗ ಆಕೆಯ ಕಚೇರಿಯಲ್ಲಿ ಪ್ರತಿ ನಕ್ಷೆಯ ಮೊದಲ ಹಾಳೆಯ ಮೇಲೆ, ಉತ್ತರ ತೋರಿಸುವ ಬಾಣದ ಪಕ್ಕದಲ್ಲೇ, ಊರಿನ ಅಕ್ಷಾಂಶ ಬರೆದಿರುತ್ತದೆ. ನಡುಕರ್ನಾಟಕದಲ್ಲಿ ಕಟ್ಟುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ದಾವಣಗೆರೆ, ಹಾವೇರಿ, ಕಾರವಾರ 15 ಡಿಗ್ರಿಯ ಕೆಳಗಿವೆ. ಹುಬ್ಬಳ್ಳಿ, ಗದಗ, ಬಳ್ಳಾರಿ ಮೇಲಿವೆ. ಹಾವೇರಿಯಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಹೋಗುವಾಗ ಆ ಗೆರೆ ದಾಟಿದ್ದು ಯಾರಿಗೂ ಕಾಣುವುದಿಲ್ಲ. ಗಾಜಿಗೆ ಮುಂಗಡ ಕೊಡುವ ಮೊದಲು ನಿಮ್ಮ ನಿವೇಶನ ಯಾವ ಕಡೆಯದು ಎಂದು ನೋಡಿಕೊಳ್ಳಿ.